ನೀಲಕ್ಕನ ಮನೆಯಲ್ಲಿ ನಾಲ್ಕು ದಿನ

ನೀಲಕ್ಕನ ಜರ್ಮನ್ ಭಾಷೆಯಲ್ಲಿ ಕ್ರಿಯಾಪದಗಳೇ ಇರಲಿಲ್ಲ. ಗೊತ್ತಿದ್ದ ನಾಲ್ಕಾರು ನಾಮಪದಗಳನ್ನು ಒಂದರ ಪಕ್ಕ ಒಂದಿಟ್ಟು, ಸಂದುಗಳಿಗೆ ಗದಗಿನ ಕನ್ನಡ ತುಂಬಿ, ಉಳಿದದ್ದನ್ನು ಕೈಯಿಂದಲೂ ಹುಬ್ಬಿನಿಂದಲೂ ಮುಗಿಸಿಬಿಡುತ್ತಿದ್ದಳು. "ಫ್ರೌ ವೇಬರ್! ಬ್ರೋಟ್, ಟೊಮಾಟೆನ್... ನಾ ಪ್ಯಾಟಿಗೆ ಹೊಂಟೀನಿ, ನಿಮಗೇನರ ಬೇಕ?" ಎಂದು ಮೆಟ್ಟಿಲ ಮೇಲಿಂದ ಕೂಗಿದರೆ, ಕೆಳಗಿನ ಮನೆಯ ಎಪ್ಪತ್ತು ವರ್ಷದ ಮುದುಕಿ ಫ್ರೌ ವೇಬರ್ ಬಾಗಿಲು ತೆರೆದು "ಮಿಲ್ಷ್, ಬಿಟ್ಟೆ" ಎನ್ನುತ್ತಿದ್ದರು. ಅರ್ಧ ಗಂಟೆಯಲ್ಲಿ ಹಾಲು ಅವರ ಬಾಗಿಲಿಗೆ ಬರುತ್ತಿತ್ತು. ಶಾಲೆಯಲ್ಲಿ ಜರ್ಮನ್ ವ್ಯಾಕರಣಕ್ಕೆ ತಲೆ ಚಚ್ಚಿಕೊಳ್ಳುತ್ತಿದ್ದ ನನಗೆ ಇದು ದೊಡ್ಡ ಅನ್ಯಾಯ ಅನ್ನಿಸುತ್ತಿತ್ತು. ಒಮ್ಮೆ ತಿದ್ದಲು ಹೋದೆ.

"ತಂಗಿ, ಆಕಿಗೆ ಹಾಲ್ ಸಿಕ್ತಿಲ್ಲೋ?" ಎಂದಳು ನೀಲಕ್ಕ. "ಮತ್ತ?"

ಅವು ಗ್ರೀನ್ ಕಾರ್ಡ್ ವರ್ಷಗಳು. ಜರ್ಮನ್ ಸರ್ಕಾರ ಹೊರದೇಶದ ಕಂಪ್ಯೂಟರ್ ಎಂಜಿನಿಯರುಗಳನ್ನು ಐದು ವರ್ಷದ ಮಟ್ಟಿಗೆ ಕರೆಸಿಕೊಳ್ಳುತ್ತಿದ್ದ ಕಾಲ. ಅಪ್ಪ ಹಾಗೆ ಸ್ಟುಟ್‌ಗಾರ್ಟ್‌ನ ಒಂದು ಸಾಫ್ಟ್‌ವೇರ್ ಕಂಪನಿಗೆ ಬಂದಿದ್ದರು. ಮನೆ ಬಾಡಿಗೆ ಕಡಿಮೆ ಎಂದು ನಾವು ಶ್ವೀಬರ್ಡಿಂಗೆನ್‌ನಲ್ಲಿದ್ದೆವು. ಮೂರು ಅಂತಸ್ತಿನ ಕಟ್ಟಡ. ನೆಲದ ಮಟ್ಟದಲ್ಲಿ ಫ್ರೌ ವೇಬರ್, ನಡುವೆ ನೀಲಕ್ಕ, ಮೇಲೆ ನಾವು. ನೀಲಕ್ಕನ ಗಂಡ ಶಿವಾನಂದ ಮಾಮ ಅದೇ ಊರಿನ ಕಾರಿನ ಬಿಡಿಭಾಗಗಳ ಕಂಪನಿಯಲ್ಲಿ ಎಂಜಿನಿಯರ್. ಇಡೀ ದಿನದಲ್ಲಿ ಮಾಮ ಆಡುವ ಮಾತು ನೀಲಕ್ಕ ಒಂದು ಲೋಟ ಚಹಾ ಕುಡಿಯುವಷ್ಟರಲ್ಲಿ ಆಡುವುದಕ್ಕಿಂತ ಕಡಿಮೆ. ಅವರ ಮಗ ಹುಬ್ಬಳ್ಳಿಯಲ್ಲಿ ಅಜ್ಜಿಯ ಮನೆಯಲ್ಲಿದ್ದು ಕಾಲೇಜು ಓದುತ್ತಿದ್ದ.

ನಾವು ಬಂದ ವಾರವೇ, ಭಾನುವಾರ ಮಧ್ಯಾಹ್ನ, ಕೆಳಗಿನಿಂದ ಟಪಟಪ ಸದ್ದು ಕೇಳಿತು. ಭಾನುವಾರ ಅಲ್ಲಿ ಮೊಳೆ ಹೊಡೆಯುವುದಿರಲಿ, ಬಾಗಿಲನ್ನೂ ಜೋರಾಗಿ ಹಾಕುವಂತಿಲ್ಲ. ಫ್ರೌ ವೇಬರ್ ಮೆಟ್ಟಿಲು ಹತ್ತಿ ಬಂದು ನೀಲಕ್ಕನ ಕರೆಗಂಟೆ ಒತ್ತಿದರು. ಜಗಳ ನೋಡಲು ನಾನು ಮೇಲಿನಿಂದ ಬಗ್ಗಿದ್ದೆ. ನೀಲಕ್ಕ ಹಿಟ್ಟಿನ ಕೈಯಲ್ಲೇ ಬಾಗಿಲು ತೆರೆದಳು. ಮುದುಕಿಯ ಅಷ್ಟುದ್ದ ದೂರನ್ನು ತಲೆಯಾಡಿಸುತ್ತ ಕೇಳಿ, "ನಿಖ್ಟ್ ಹಾಮರ್, ಫ್ರೌ ವೇಬರ್. ರೊಟ್ಟಿ!" ಎಂದು ಅವರ ಮುಂಗೈ ಹಿಡಿದು ಒಳಗೆ ಕರೆದುಕೊಂಡೇ ಹೋದಳು. ಹೊರಬಂದಾಗ ಫ್ರೌ ವೇಬರ್ ಕೈಯಲ್ಲಿ ಎರಡು ಬಿಸಿ ಜೋಳದ ರೊಟ್ಟಿ, ಅಂಗಿಯ ಮೇಲೆ ಹಿಟ್ಟಿನ ಐದು ಬೆರಳು. ಆಮೇಲೆ ನೀಲಕ್ಕ ಭಾನುವಾರ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಶನಿವಾರ ಬಡಿದು, ಎರಡನ್ನು ಕೆಳಗೆ ಕೊಟ್ಟು ಬರುತ್ತಿದ್ದಳು.

ಅವಳಿಗೆ ಒಂದು ವಿಚಿತ್ರ ಹಟವಿತ್ತು. ಯಾರಾದರೂ ಹೇಳಿಕಳಿಸಿದ ಮಾತನ್ನು ಅವಳು ತೆಗೆದುಕೊಳ್ಳುತ್ತಿರಲಿಲ್ಲ. ಒಮ್ಮೆ ಅವಳು ಕೊಟ್ಟ ಚಟ್ನಿಪುಡಿಯ ಡಬ್ಬಿ ವಾಪಸ್ ಕೊಡಲು ಅಮ್ಮ ನನ್ನನ್ನು ಕಳಿಸಿದ್ದಳು. "ಆಂಟಿ, ಅಮ್ಮ ಥ್ಯಾಂಕ್ಸ್ ಹೇಳಿದ್ರು" ಎಂದೆ.

"ಆಂಟಿ ಅನಬ್ಯಾಡ, ನನಗ ವಯಸ್ಸಾದಂಗ ಆಗ್ತದ. ಅಕ್ಕ ಅನ್ನು" ಎಂದವಳೇ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು ನನ್ನ ಹಿಂದೆಯೇ ಮೆಟ್ಟಿಲು ಹತ್ತಿದಳು. ಬಾಗಿಲು ತೆರೆದ ಅಮ್ಮನಿಗೆ, "ವಿನುತಾ, ಥ್ಯಾಂಕ್ಸ್ ಕಳಿಸೀರಂತ. ತಗೊಂಡು ಹೋಗಾಕ ನಾನ ಬಂದೀನಿ" ಎಂದಳು. ಒಂದು ಗಂಟೆ ಕೂತು ಕಾಫಿ ಕುಡಿದು ಹೋದಳು. ಮೈಸೂರಿನಲ್ಲಿ ಕಾಲೇಜಿನ ಹುಡುಗಿಯರಿಗೆ ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದ, ಅಳೆದು ಮಾತಾಡುವ ನನ್ನ ಅಮ್ಮನಿಗೆ ತಲೆನೋವು ಬಂತು.

ಅಮ್ಮನ ತಲೆನೋವಿಗೆ ಬೇರೆ ಕಾರಣಗಳೂ ಇದ್ದವು. ಅಪ್ಪನ ವೀಸಾ ಕಾಗದದ ಮೇಲೆ ಅವಳಿಗೆ ಕೂಡಲೇ ಕೆಲಸ ಮಾಡುವ ಪರವಾನಗಿ ಇರಲಿಲ್ಲ. "ಒಂದೇ ಒಂದು ವರ್ಷ ನೋಡೋಣ, ಆಗದಿದ್ದರೆ ವಾಪಸ್" ಎಂದು ಅಪ್ಪ ಹೇಳಿದ್ದನ್ನು ನಂಬಿ, ಅವಳು ಕಾಲೇಜಿನಲ್ಲಿ ಸಂಬಳವಿಲ್ಲದ ರಜೆ ಹಾಕಿ ಬಂದಿದ್ದಳು. ವರ್ಷ ತುಂಬಿತು. ಅಪ್ಪ ಒಂದು ದಿನ ಆಫೀಸಿನಲ್ಲಿ ಉಳಿದ ವರ್ಷಗಳಿಗೂ ಸಹಿ ಹಾಕಿ ಬಂದು, ಊಟ ಮಾಡುತ್ತ ಆ ವಿಷಯ ಹೇಳಿದರು. ಅಮ್ಮ ಬಾಯಿಗೆ ಒಯ್ಯುತ್ತಿದ್ದ ತುತ್ತನ್ನು ತಟ್ಟೆಗೆ ಹಾಕಿದಳು. ಆಮೇಲೆ ನನ್ನ ಕಡೆ ತಿರುಗಿ, "ಚೇತೂ, ನಿಮ್ಮಪ್ಪಂಗೆ ಹೇಳು, ನನ್ನನ್ನ ಕೇಳಬೇಕು ಅಂತ ಅನ್ನಿಸಲಿಲ್ವಾ ಅಂತ" ಎಂದಳು.

ಅಪ್ಪ ನನ್ನ ಎದುರಿಗೇ ಕೂತಿದ್ದರು. ಆದರೂ ನಾನು ಹೇಳಿದೆ.

"ನಿಮ್ಮಮ್ಮಂಗೆ ಹೇಳು, ಕೇಳಿದ್ರೆ ಏನನ್ನುತ್ತಿದ್ದಳು ಅಂತ ಗೊತ್ತಿತ್ತು ಅಂತ" ಎಂದರು ಅಪ್ಪ.

ಅಲ್ಲಿಂದ ಶುರುವಾಯಿತು. ನನಗಾಗ ಹನ್ನೊಂದು ವರ್ಷ. ಎರಡು ಕೋಣೆಯ ಮನೆಯಲ್ಲಿ ಅವರಿಬ್ಬರ ಎಲ್ಲ ಮಾತೂ ನನ್ನ ಮೂಲಕವೇ ಓಡಾಡತೊಡಗಿತು. ಹಾಲು ಮುಗಿದಿದೆ, ಹೀಟರ್ ಕೆಟ್ಟಿದೆ, ಶನಿವಾರ ಯಾರೋ ಬರುತ್ತಾರೆ. ಜೊತೆಗೆ ಬೇರೆಯವೂ. "ಕೇಳು ಅವಳನ್ನ, ನಾನು ಯಾರಿಗೋಸ್ಕರ ದುಡೀತಿದೀನಿ ಅಂತ." "ಹೇಳು ಅವರಿಗೆ, ನಾನೂ ದುಡೀತಿದ್ದೆ ಅಂತ." ಮೊದಮೊದಲು ಕೇಳಿದ್ದನ್ನು ಕೇಳಿದ ಹಾಗೆಯೇ ಒಪ್ಪಿಸುತ್ತಿದ್ದೆ. ಆಮೇಲೆ ಜಾಣತನ ಬಂತು. ಮಾತುಗಳನ್ನು ದಾರಿಯಲ್ಲೇ ಸ್ವಲ್ಪ ಮೆತ್ತಗೆ ಮಾಡಿ ಮುಟ್ಟಿಸತೊಡಗಿದೆ. "ತಿಂದ ತಟ್ಟೆ ತೊಳೆಯೋಕೂ ಆಳು ಬೇಕಂತಾ ಕೇಳು" ಎಂದು ಅಮ್ಮ ಅಂದರೆ, ಅಪ್ಪನ ಹತ್ತಿರ "ಅಮ್ಮಂಗೆ ಸುಸ್ತಂತೆ, ತಟ್ಟೆ ತೊಳೀತೀರಾ ಅಂತ ಕೇಳಿದ್ರು" ಎನ್ನುತ್ತಿದ್ದೆ. ಅಪ್ಪ ಎದ್ದು ತೊಳೆಯುತ್ತಿದ್ದರು. ನಾನು ಒಳಗೊಳಗೇ ಹೆಮ್ಮೆ ಪಡುತ್ತಿದ್ದೆ. ಆದರೆ ಮನೆ ಅಷ್ಟು ದೊಡ್ಡದಲ್ಲ. ಅಮ್ಮನಿಗೆ ಒಂದು ದಿನ ಕೇಳಿಸಿಬಿಟ್ಟಿತು. "ನಾನು ಹಾಗಂದ್ನಾ? ನೀನೂ ಅವರ ಕಡೇನೇ ಸೇರ್ಕೊಂಡ್ಯಾ?" ಎಂದಳು. ಆ ರಾತ್ರಿ ನಾನು ಊಟ ಬಿಟ್ಟು ಮಲಗಿದೆ.

ಆ ಕಡೆ 'ಕೇರ್‌ವೋಖೆ' ಎಂದು ಒಂದು ಪದ್ಧತಿ. ಕಟ್ಟಡದ ಮೆಟ್ಟಿಲು ಗುಡಿಸಿ ಒರೆಸುವ ವಾರದ ಪಾಳಿ. ಯಾರ ಪಾಳಿಯೋ ಅವರ ಬಾಗಿಲಿಗೆ ಒಂದು ಪುಟ್ಟ ಹಲಗೆ ತೂಗುಬೀಳುತ್ತದೆ. ಆ ಸಲ ನಮ್ಮ ಬಾಗಿಲಿಗೆ ಬಿತ್ತು. ಅಮ್ಮ, "ನಾನು ಇಲ್ಲಿ ಇರಬೇಕು ಅಂತ ತೀರ್ಮಾನ ಮಾಡಿದೋರೇ ಮೆಟ್ಲೂ ತೊಳೀಲಿ ಅಂತ ಹೇಳು" ಎಂದಳು. ಅಪ್ಪ, "ಹನ್ನೆರಡು ಗಂಟೆ ಹೊರಗೆ ಇರೋನು ನಾನು ಅಂತ ಹೇಳು" ಎಂದರು. ಶನಿವಾರ ಸಂಜೆಯೊಳಗೆ ಮುಗಿಸಬೇಕು, ಇಲ್ಲದಿದ್ದರೆ ಫ್ರೌ ವೇಬರ್ ಮನೆಯ ಮಾಲೀಕರಿಗೆ ಫೋನ್ ಮಾಡುತ್ತಾರೆ. ನಾನೇ ಬಕೆಟ್ ಹಿಡಿದು ಹೊರಟೆ.

ಆರು ಮೆಟ್ಟಿಲು ಒರೆಸುವಷ್ಟರಲ್ಲಿ ನೀಲಕ್ಕನ ಬಾಗಿಲು ತೆರೆಯಿತು. ಅವಳು ಬಕೆಟ್ ನೋಡಿದಳು, ನನ್ನನ್ನು ನೋಡಿದಳು, ನಮ್ಮ ಬಾಗಿಲ ಕಡೆ ಕತ್ತೆತ್ತಿ ನೋಡಿದಳು.

"ಅವ್ವ ಎಲ್ಲಿ?"

"ಒಳಗಿದ್ದಾರೆ."

"ಅಪ್ಪ?"

"ಒಳಗಿದ್ದಾರೆ."

"ಇಬ್ರಿಗೂ ಕೈ ಕಾಲ್ ಛಲೋ ಅದಾವಿಲ್ಲೋ?" ಎಂದು ಕೇಳಿದ ರೀತಿಗೆ ನನಗೆ ನಗು ಬಂತು. ನಗುತ್ತಲೇ ಅಳು ಬಂತು. ನೀಲಕ್ಕ ಸೆರಗು ಸಿಕ್ಕಿಸಿ ಬಟ್ಟೆ ಕಿತ್ತುಕೊಂಡು ಉಳಿದ ಮೆಟ್ಟಿಲು ಒರೆಸಿದಳು. ನನ್ನನ್ನು ಒಳಗೆ ಕೂರಿಸಿ ರೊಟ್ಟಿಯ ಮೇಲೆ ಬೆಣ್ಣೆ, ಬೆಣ್ಣೆಯ ಮೇಲೆ ಸಕ್ಕರೆ ಹಾಕಿ ಕೊಟ್ಟಳು. ಏನೂ ಕೇಳಲಿಲ್ಲ.

ಕೇಳಬೇಕಾದ ದಿನ ಆಮೇಲೆ ಬಂತು. ವೀಸಾ ವಿಸ್ತರಿಸಲು ಅಪ್ಪ ನನ್ನನ್ನು ಲುಡ್‌ವಿಗ್ಸ್‌ಬುರ್ಗ್‌ನ ವಿದೇಶಿಯರ ಕಚೇರಿಗೆ ಕರೆದೊಯ್ದಿದ್ದರು. ಗುಮಾಸ್ತೆಯ ಜರ್ಮನ್ ಅವರಿಗೆ ಅರ್ಥವಾಗುತ್ತಿರಲಿಲ್ಲ, ನನಗೆ ಆಗುತ್ತಿತ್ತು. ವಾಪಸ್ ಬರುವಾಗ ಬಸ್ಸಿನಲ್ಲಿ ಅಪ್ಪ ಕಿಟಕಿಯ ಕಡೆ ನೋಡುತ್ತ, "ಅಮ್ಮ ಮೈಸೂರಿಗೆ ಹೋಗ್ತೀನಿ ಅಂತಿದಾಳೆ. ನೀನು ನನ್ನ ಜೊತೆ ಇರ್ತೀಯಾ ಅಲ್ವಾ?" ಎಂದರು. ಅವರ ಕಣ್ಣು ನೋಡಲಾಗಲಿಲ್ಲ. "ಇರ್ತೀನಿ" ಎಂದೆ. ಮಾರನೆಯ ಬೆಳಿಗ್ಗೆ ಅಮ್ಮ ನನಗೆ ಜಡೆ ಹಾಕುತ್ತಿದ್ದಳು. ಹೆಣೆಯುತ್ತಿದ್ದ ಕೈ ನಿಂತಿತು. "ನಾನು ಹೋಗೋದಾದ್ರೆ ನೀನು ನನ್ನ ಜೊತೆ ಬರ್ತೀಯಲ್ಲ ಪುಟ್ಟಾ?" ಎಂದಳು. "ಬರ್ತೀನಿ" ಎಂದೆ.

ಆ ವಾರ ಶಾಲೆಯಲ್ಲಿ ಮೂರು ಸಲ ಹೊಟ್ಟೆನೋವು ಬಂತು. ಮೂರನೆಯ ಸಲ ಟೀಚರು ಮನೆಗೆ ಕಳಿಸಿದರು. ನಾನು ನಮ್ಮ ಮನೆಗೆ ಹೋಗಲಿಲ್ಲ. ನೀಲಕ್ಕನ ಕರೆಗಂಟೆ ಒತ್ತಿದೆ. ಅವಳು ಅಡುಗೆಮನೆಯ ನೆಲದ ಮೇಲೆ ಕೂತು ಶೇಂಗಾ ಹುರಿದು ಸಿಪ್ಪೆ ಉಜ್ಜುತ್ತಿದ್ದಳು.

"ನೀಲಕ್ಕ, ನಾನು ಸುಳ್ಳಿ" ಎಂದೆ. ಎಲ್ಲ ಹೇಳಿದೆ.

ಅವಳು ಶೇಂಗಾ ಉಜ್ಜುವುದನ್ನು ನಿಲ್ಲಿಸಿದಳು. "ಅಪ್ಪನ ಕೂಡ ಇರಬೇಕಂತ ಅನಸ್ತದ?"

"ಹೂಂ."

"ಅವ್ವನ ಕೂಡ?"

"ಹೂಂ."

"ಮತ್ತ ಸುಳ್ಳು ಎಲ್ಲಿ ಹೇಳೀದಿ? ಎರಡೂ ಖರೇನ ಅದಾವ. ತಪ್ಪು ಕೇಳಿದವರದು, ನಿಂದಲ್ಲ." ಕೈ ಝಾಡಿಸಿ ಎದ್ದಳು. "ನಡಿ."

ಅಂದು ಗುರುವಾರ, ಮಾರನೆಯ ದಿನದಿಂದ ಈಸ್ಟರ್ ರಜೆ. ಅಪ್ಪ ಕೆಲಸದಿಂದ ಬರುವವರೆಗೂ ನೀಲಕ್ಕ ನಮ್ಮ ಸೋಫಾದ ಮೇಲೆ ಕೂತು ಕಾಯ್ದಳು. ಅಪ್ಪ ಬಂದು ಶೂ ಬಿಚ್ಚುವ ಮೊದಲೇ ಎದ್ದು ನಿಂತಳು.

"ಅಣ್ಣಾರ, ವಿನುತಾ, ಇಬ್ರೂ ಕೇಳ್ರಿ. ಚೇತನಾನ್ನ ಸೋಮವಾರದ ತನಕ ನಾ ಕರಕೊಂಡು ಹೊಂಟೀನಿ. ಕೆಳಗಿನ ಮನಿಗೇ, ದೂರ ಏನಲ್ಲ. ಆಕಿಗೆ ಮುದ್ದು ಮಾಡಬೇಕಂದ್ರ ಬರ್ರಿ. ಒಬ್ರಿಗೊಬ್ರು ಏನರ ಹೇಳೋದಿದ್ರ ಮಾತ್ರ ಬರಬ್ಯಾಡ್ರಿ. ಅದನ್ನ ನೀವ ಹೇಳಿಕೊಳ್ರಿ."

ಅಮ್ಮನ ಮುಖ ಕೆಂಪಾಯಿತು. "ಇದು ನಮ್ಮ ಮನೆ ವಿಷಯ, ನೀಲಕ್ಕ."

"ಹೌದವಾ, ನಿಮ್ಮ ಮನಿ ವಿಷಯ. ಅದಕ್ಕ ನೀವಿಬ್ರ ನೋಡಿಕೊಳ್ಳೋದು ಛಲೋ. ಹುಡುಗಿಗೆ ಹೊಟ್ಟಿ ನೋಯಾಕತ್ತದ."

ನನ್ನ ನೈಟ್‌ಡ್ರೆಸ್ಸು, ಹಲ್ಲುಜ್ಜುವ ಬ್ರಷ್ಷು ಒಂದು ಚೀಲಕ್ಕೆ ಹಾಕಿಕೊಂಡು ನಾವು ಕೆಳಗಿಳಿದೆವು. ಅಪ್ಪ ಒಂದು ಕಾಲಿನ ಶೂ ಕೈಯಲ್ಲಿ ಹಿಡಿದು ನಿಂತೇ ಇದ್ದರು.

ನನ್ನ ಬಾಲ್ಯದಲ್ಲಿ ಅಷ್ಟು ಖುಷಿಯ ನಾಲ್ಕು ದಿನ ಬೇರೆ ಇಲ್ಲ. ನೀಲಕ್ಕನೂ ನಾನೂ ಇಸ್ಪೀಟು ಆಡಿದೆವು. ಅವಳು ಎದುರಿಗೇ ಮೋಸ ಮಾಡಿ, ಸಿಕ್ಕಿಬಿದ್ದಾಗ ಶಿವಾನಂದ ಮಾಮನ ಮೇಲೆ ಹಾಕುತ್ತಿದ್ದಳು. ಮಾಮ ಪೇಪರಿನಿಂದ ತಲೆ ಎತ್ತದೆ "ಹೌದು, ನಾನ ಮಾಡಿದ್ದು" ಎನ್ನುತ್ತಿದ್ದರು. ಫ್ರೌ ವೇಬರ್ ಜೊತೆ ನಾನು ಈಸ್ಟರ್ ಮೊಟ್ಟೆಗಳಿಗೆ ಬಣ್ಣ ಹಚ್ಚಿದೆ. ನೀಲಕ್ಕ ಮೊಟ್ಟೆ ಮುಟ್ಟುವವಳಲ್ಲ, ದೂರದಲ್ಲಿ ನಿಂತು ಹಸಿರು ಬಣ್ಣ ತೋರಿಸಿ "ಗ್ರ್ಯೂನ್! ಅಲ್ಲೆ ಗ್ರ್ಯೂನ್ ಹಚ್ಚು!" ಎಂದು ಹುಕುಂ ಕೊಟ್ಟಳು.

ಶುಕ್ರವಾರ ಅಪ್ಪ ಬಾಗಿಲಿಗೆ ಬಂದರು. ನನ್ನ ತಲೆ ಸವರಿ, ಮೆಲ್ಲಗೆ, "ಚೇತೂ, ನೆಲಮಾಳಿಗೆ ಕೋಣೆ ಬೀಗದಕೈ ಎಲ್ಲಿಟ್ಟಿದಾಳೆ ಅಂತ ಅಮ್ಮನ್ನ ಸ್ವಲ್ಪ..." ಎಂದರು. ಒಳಗಿನಿಂದ ನೀಲಕ್ಕನ ದನಿ ಬಂತು: "ಅಣ್ಣಾರ, ಹದಿನಾಲ್ಕ ಮೆಟ್ಲ. ನಾ ಎಣಿಸೀನಿ." ಅಪ್ಪ ಪೆಚ್ಚು ನಗೆ ನಕ್ಕು ಮೇಲೆ ಹೋದರು. ಸಂಜೆ ಅಮ್ಮನ ಫೋನ್. "ಪುಟ್ಟಾ, ನಾಳೆ ಅವರಿಗೆ ರಜಾನಾ ಅಂತ..." ಎನ್ನುವಷ್ಟರಲ್ಲಿ ನೀಲಕ್ಕ ರಿಸೀವರ್ ಕಸಿದುಕೊಂಡು "ರಾಂಗ್ ನಂಬರ್ ರೀ" ಎಂದು ಇಟ್ಟುಬಿಟ್ಟಳು. ಇಟ್ಟು, ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

ಭಾನುವಾರ ಮಧ್ಯಾಹ್ನ ಮೇಲಿನ ಮನೆಯಲ್ಲಿ ಜಗಳ ಹತ್ತಿಕೊಂಡಿತು. ಮೊದಲು ಅಮ್ಮನ ದನಿ, ಆಮೇಲೆ ಅಪ್ಪನದು, ಆಮೇಲೆ ಎರಡೂ. ಅಮ್ಮ ಅಷ್ಟು ಗಟ್ಟಿಯಾಗಿ ಮಾತಾಡಬಲ್ಲಳೆಂದೇ ನನಗೆ ಗೊತ್ತಿರಲಿಲ್ಲ. ಮೇಲೆ ಓಡಿಹೋಗಬೇಕೆಂದು ಎದ್ದೆ. ನೀಲಕ್ಕ ನನ್ನನ್ನು ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು.

"ಕುಂದ್ರು. ಯಾರೂ ಯಾರನ್ನೂ ಹೊಡ್ಯಾಕತ್ತಿಲ್ಲ. ಮಾತಾಡಾಕತ್ತಾರ. ಒಂದು ಮಾತು ಹೇಳ್ತೀನಿ, ಕೇಳು."

ಮೇಲಿನ ಗದ್ದಲದ ಕೆಳಗೆ ಕೂತು ಅವಳು ತನ್ನ ಮನೆಯ ಕಥೆ ಹೇಳಿದಳು. ಗದಗಿನಲ್ಲಿ ಅವಳ ಅಪ್ಪನದು ಪ್ರಿಂಟಿಂಗ್ ಪ್ರೆಸ್ಸು. ನೀಲಕ್ಕನಿಗೆ ಹತ್ತು ವರ್ಷವಿದ್ದಾಗ ಅಪ್ಪ ಅವ್ವ ಮಾತು ಬಿಟ್ಟರು. ಯಾಕೆಂದು ಅವಳಿಗೆ ಕೊನೆಗೂ ಗೊತ್ತಾಗಲಿಲ್ಲ. "ಒಂಬತ್ತ ವರ್ಷ, ತಂಗಿ. 'ನಿಮ್ಮಪ್ಪಗ ಹೇಳು ಊಟಕ್ಕ ಏಳಂತ.' 'ನಿಮ್ಮವ್ವಗ ಹೇಳು ಹಸಿವಿಲ್ಲಂತ.' ನಾ ಪ್ರೆಸ್ಸಿಗೂ ಮನಿಗೂ ಓಡಾಡಿ ಓಡಾಡಿ ಚಪ್ಪಲಿ ಸವಿಸೀನಿ. ಮದುವಿ ಆಗಿ ಹೊಂಟಾಗ ಭಾಳ ಅತ್ತಿದ್ದೆ ನೋಡು, ಎಲ್ಲಾರೂ ತವರಮನಿ ಬಿಡಾಕ ಅಳ್ತಾಳ ಅಂದ್ರು. ನನಗ ಚಿಂತಿ ಆಗಿದ್ದು ಬ್ಯಾರೆ. ನಾ ಹೋದಮ್ಯಾಲ ಇವರಿಬ್ರ ನಡುವ ಯಾರು ಮಾತಾಡ್ತಾರ? ಉಪವಾಸ ಸಾಯ್ತಾರ ಅನಿಸ್ತು."

"ಆಮೇಲೆ?"

"ತಿಂಗಳ ಬಿಟ್ಟು ತವರಿಗೆ ಹೋದೆ. ಬಾಗಿಲ್ದಾಗ ಕಾಲಿಟ್ರ, ಇಬ್ರೂ ಎದುರಾ ಬದುರಾ ಕುಂತು ಚುನಮರಿ, ನಿಮ್ಮ ಮೈಸೂರ ಕಡ್ಲೆಪುರಿ, ತಿನಕೋತ ಹರಟಿ ಹೊಡ್ಯಾಕತ್ತಾರ! ಪ್ರೆಸ್ಸಿನ್ಯಾಗ ಯಾರದೋ ಲಗ್ನಪತ್ರಿಕಿ ತಪ್ಪು ಛಾಪಿಸಿದ್ರಂತ, ಅದಕ್ಕ ಅವ್ವ ಹೊಟ್ಟಿ ಹಿಡಕೊಂಡು ನಗಾಕತ್ತಾಳ. ನಾ ಇಲ್ಲದ್ದಕ್ಕ ಮಾತಾಡಿದ್ರು, ತಂಗಿ. ನಾ ನಡುವ ಇದ್ದೆ ಅಂತ ಒಂಬತ್ತ ವರ್ಷ ಅವರಿಗೆ ಮಾತಾಡೋ ಗರಜೇ ಬಿದ್ದಿರಲಿಲ್ಲ." ನೀಲಕ್ಕ ನನ್ನ ತಲೆಗೂದಲು ಹಿಂದಕ್ಕೆ ಸರಿಸಿದಳು. "ಎಷ್ಟ್ ಸಿಟ್ಟು ಬಂತಂತಿ! ನಗೂನೂ ಬಂತು. ಒಂದು ಹಿಡಿ ಚುನಮರಿ ತಗೊಂಡು ನಾನೂ ಕುಂತೆ."

ಮೇಲೆ ದನಿ ತಗ್ಗಿತ್ತು. ಯಾರೋ ಅಳುತ್ತಿದ್ದರು. ಅಮ್ಮನೋ ಅಪ್ಪನೋ ತಿಳಿಯಲಿಲ್ಲ.

ಸೋಮವಾರ ಸಂಜೆ ನನ್ನನ್ನು ಕರೆದೊಯ್ಯಲು ಇಬ್ಬರೂ ಬಂದರು. ನಮ್ಮ ಮನೆಗೆ ಬಂದು ಸೋಫಾದ ಮೇಲೆ ಅಕ್ಕಪಕ್ಕ ಕೂತರು, ಪರೀಕ್ಷೆಗೆ ಬಂದ ಮಕ್ಕಳ ಹಾಗೆ. ಅಪ್ಪ ಗಂಟಲು ಸರಿಮಾಡಿಕೊಂಡು, "ಬೇಸಿಗೆ ರಜೆಗೆ ನೀನೂ ಅಮ್ಮನೂ ಮೈಸೂರಿಗೆ ಹೋಗ್ತೀರಿ. ಅಮ್ಮ ಕೆಲಸಕ್ಕೆ ಸೇರ್ತಾಳೆ. ನಾನು ಇಲ್ಲಿಯ ಅವಧಿ ಮುಗಿಸಿ ಬರ್ತೀನಿ. ನಾವಿಬ್ಬರೂ ತೀರ್ಮಾನ ಮಾಡಿದ್ದು" ಎಂದರು. ಅಮ್ಮ ನನ್ನ ಕೈ ಹಿಡಿದುಕೊಂಡು, "ನಿನ್ನನ್ನ ಹಾಗೆ ಕೇಳಬಾರದಿತ್ತು ಪುಟ್ಟಾ. ನಾನೂ, ಅವರೂ" ಎಂದಳು. ಆ ತೀರ್ಮಾನ ನನಗೆ ಇಷ್ಟವಿರಲಿಲ್ಲ. ಜರ್ಮನಿ ಬಿಡಲು ಮನಸ್ಸಿರಲಿಲ್ಲ, ಅಪ್ಪನನ್ನು ಬಿಡಲಂತೂ ಇಲ್ಲವೇ ಇಲ್ಲ. ಕಾಲು ಅಪ್ಪಳಿಸಿ, ಕಿರುಚಿ ಅತ್ತೆ. ಎಷ್ಟೋ ತಿಂಗಳ ಮೇಲೆ ನನ್ನ ಸ್ವಂತ ಕಾರಣಕ್ಕೆ ಅತ್ತದ್ದು. ಅತ್ತು ಮುಗಿದ ಮೇಲೆ ಎರಡು ತಟ್ಟೆ ಅನ್ನ ತಿಂದೆ.

ಅಮ್ಮ ಒಂದು ವಾರ ನೀಲಕ್ಕನ ಜೊತೆ ಮಾತಾಡಲಿಲ್ಲ. ನೀಲಕ್ಕ ಅದನ್ನು ಗಮನಿಸಿಯೇ ಇಲ್ಲವೆಂಬಂತೆ ದಿನಾ ಬಂದು ಕೂತು ಹೋದಳು. ಎಂಟನೆಯ ದಿನ ಅಮ್ಮ ಕೇಳದೆಯೇ ಕಾಫಿ ಮಾಡಿದಳು.

ಅಪ್ಪ ಮೂರು ವರ್ಷದ ಮೇಲೆ ಮೈಸೂರಿಗೆ ಬಂದರು. ಅಷ್ಟೂ ದಿನ ಭಾನುವಾರಗಳಂದು ಫೋನಿನಲ್ಲಿ ಅವರೂ ಅಮ್ಮನೂ ನೇರವಾಗಿಯೇ ಜಗಳವಾಡಿದರು, ಈಗಲೂ ಆಡುತ್ತಾರೆ. ನೀಲಕ್ಕ, ಶಿವಾನಂದ ಮಾಮ ಇನ್ನೂ ಕೆಲವು ವರ್ಷ ಅಲ್ಲೇ ಇದ್ದು, ಕೊನೆಗೆ ಗದಗಿಗೆ ಮರಳಿದರು. ಮದುವೆ ಮುಂಜಿಗೆಂದು ಎರಡು ಸಲ ಮೈಸೂರಿಗೆ ಬಂದಾಗ ನೀಲಕ್ಕ ನಮ್ಮ ಮನೆಯಲ್ಲೇ ಇಳಿದಳು. ಅವಳೂ ಅಮ್ಮನೂ ಅಡುಗೆಮನೆ ಸೇರಿದರೆ ಉಳಿದವರಿಗೆ ಊಟ ಸಿಗುವುದು ಕಷ್ಟವಾಗುತ್ತಿತ್ತು.

ನಾನು ಹಾಸನದ ಹಾಸ್ಟೆಲಿನಲ್ಲಿದ್ದು ಎಂಜಿನಿಯರಿಂಗ್ ಎರಡನೆಯ ವರ್ಷ ಓದುತ್ತಿದ್ದಾಗ, ಒಂದು ಬುಧವಾರ ಹೇಳದೆ ಕೇಳದೆ ಅಪ್ಪ ಅಮ್ಮ ಇಬ್ಬರೂ ಬಂದರು. ವಾರದ ನಡುವೆ ಇಬ್ಬರೂ ರಜೆ ಹಾಕಿ ಬಂದಿದ್ದಾರೆಂದರೆ ಏನೋ ಆಗಿದೆ. ಹಾಸ್ಟೆಲಿನ ಮುಂದಿನ ಕಲ್ಲುಬೆಂಚಿನ ಮೇಲೆ ಕೂತೆವು.

"ಹೇಳಿ" ಎಂದಳು ಅಮ್ಮ.

"ನೀನೇ ಹೇಳು" ಎಂದರು ಅಪ್ಪ.

"ಬಸ್ಸಲ್ಲಿ ನಾನೇ ಹೇಳ್ತೀನಿ ಅಂದ್ರಲ್ಲ?"

"ಅಂದೆ. ಈಗ ಆಗ್ತಿಲ್ಲ."

ಕೊನೆಗೆ ಅಪ್ಪ ಶುರು ಮಾಡಿ, ಅಮ್ಮ ಮುಗಿಸಿದಳು. ಹಿಂದಿನ ದಿನ ಬೆಳಿಗ್ಗೆ ಗದಗಿನಲ್ಲಿ, ನೀರು ಕಾಯಿಸಲೆಂದು ಎದ್ದ ನೀಲಕ್ಕ ಎದೆ ಹಿಡಿದುಕೊಂಡು ಕೂತವಳು ಮತ್ತೆ ಏಳಲಿಲ್ಲ. ಶಿವಾನಂದ ಮಾಮ ಫೋನ್ ಮಾಡಿ ಎರಡು ಮಾತಿನಲ್ಲಿ ತಿಳಿಸಿದ್ದರು.

ನನಗೆ ಅಳು ತಡವಾಗಿ ಬಂತು. ಮೊದಲು ಬಂದದ್ದು ಒಂದು ಪೆದ್ದು ಪ್ರಶ್ನೆ. "ಇದಕ್ಕೆ ಅಷ್ಟು ದೂರದಿಂದ ಬಂದ್ರಾ? ಫೋನ್ ಮಾಡಬಹುದಿತ್ತಲ್ಲ?"

"ನೀಲಕ್ಕ ಹೋದದ್ದನ್ನ ಫೋನಲ್ಲಿ ಹೇಳೋಕಾಗುತ್ತೇನೇ?" ಎಂದಳು ಅಮ್ಮ.

ಅಪ್ಪ ಕರ್ಚೀಫು ತೆಗೆದು ಅವಳಿಗೆ ಕೊಟ್ಟರು. ಸಂಜೆಯ ಬಸ್ಸಿನವರೆಗೂ ಮೂವರೂ ಅಲ್ಲೇ ಕೂತಿದ್ದೆವು. ಅಪ್ಪ ನೀಲಕ್ಕನದೊಂದು ಕಥೆ ತೆಗೆದರು. ಅಮ್ಮ "ಹಾಗಲ್ಲ ರೀ ಅದು" ಎಂದು ತಿದ್ದಿದಳು. ಅಪ್ಪ ಒಪ್ಪಲಿಲ್ಲ. ಅವರಿಬ್ಬರೂ ವಾದ ಮಾಡುತ್ತಲೇ ಇದ್ದರು. ನಾನು ನಡುವೆ ಕೂತು ಕೇಳಿಸಿಕೊಂಡೆ.